ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಪ್ರಾಕ್ಸಿ ಹಿಂದೆ ಕೂತ ಉಬುಂಟು ಅಪ್‌ಡೇಟ್ ಕಥೆ

ಪ್ರಶ್ನೆ: ಸರ್, ತಾಲೂಕಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 38 ಸಿಸ್ಟಮ್ ಇವೆ, ಎಲ್ಲದರಲ್ಲೂ ಉಬುಂಟು 22.04. ನೆಟ್ ನಿಧಾನ ಅಂತ ಒಂದು ಹಳೆಯ ಸಿಸ್ಟಮ್‌ಗೆ ಸ್ಕ್ವಿಡ್ ಪ್ರಾಕ್ಸಿ ಹಾಕಿ, ಮಿಕ್ಕವೆಲ್ಲ ಅದರ ಮೂಲಕವೇ ಹೋಗುವಂತೆ ಮಾಡಿದ್ದೇವೆ. ಎರಡು ತಿಂಗಳಿಂದ ಅಪ್‌ಡೇಟ್ ಸತಾಯಿಸುತ್ತಿದೆ. ಆಪ್ಟ್ ಅಪ್‌ಡೇಟ್ ತಕರಾರಿಲ್ಲದೆ ಮುಗಿಯುತ್ತದೆ. ಅಪ್‌ಗ್ರೇಡ್ ಕೊಟ್ಟರೆ ಕೆಲವು ಪ್ಯಾಕೇಜ್ ಬರುತ್ತವೆ, ಕೆಲವಕ್ಕೆ, ಅದರಲ್ಲೂ ದೊಡ್ಡವಕ್ಕೆ, '404 ನಾಟ್ ಫೌಂಡ್'. ಹೊರಗಿನವರ ಒಂದು ರೆಪೊ (ಪ್ಯಾಕೇಜ್ ಭಂಡಾರ) ಸೇರಿಸಿದ ಹನ್ನೆರಡು ಸಿಸ್ಟಮ್‌ಗಳಲ್ಲಿ ಮಾತ್ರ 'ಹ್ಯಾಶ್ ಸಮ್ ಮಿಸ್‌ಮ್ಯಾಚ್'. ಲಿಸ್ಟ್ಸ್ ಫೋಲ್ಡರ್ ಅಳಿಸಿ ನೋಡಿದೆ. ಮಿರರ್ ಬದಲಿಸಿದೆ, ಎರಡು ದಿನ ಸರಿ ಇತ್ತು. ಒಂದು ಸಿಸ್ಟಮ್‌ಗೆ ಹೊಸದಾಗಿ ಉಬುಂಟುವನ್ನೇ ಹಾಕಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎಲ್ಲ ಸರಿ. ಪ್ರಾಕ್ಸಿ ಆಫ್ ಮಾಡಿ ಆನ್ ಮಾಡಿದರೂ ಒಂದೆರಡು ದಿನ ಸರಿ, ಮತ್ತೆ ಅದೇ ಕಥೆ. ಸ್ಕ್ವಿಡ್ ಕಾನ್ಫಿಗ್ ನೆಟ್‌ನಲ್ಲಿ ಸಿಕ್ಕಿದ್ದು, 'ಹಿಟ್ ಜಾಸ್ತಿ ಬರುತ್ತೆ' ಎಂದು ಬರೆದಿದ್ದರು. ಅದರ ಮೊದಲ ರಿಫ್ರೆಶ್ ಪ್ಯಾಟರ್ನ್ ಸಾಲಿನಲ್ಲಿ ಒಂದು ಚುಕ್ಕಿ, ಆಮೇಲೆ 10080, 90%, 43200, ಕೊನೆಯಲ್ಲಿ ಓವರ್‌ರೈಡ್-ಎಕ್ಸ್‌ಪೈರ್, ಇಗ್ನೋರ್-ರಿಲೋಡ್ ಎಂದಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ನಿಮ್ಮ 38 ಸಿಸ್ಟಮ್‌ಗಳಿಗೂ ಏನೂ ಆಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿದೆ. ಲಿಸ್ಟ್ಸ್ ಫೋಲ್ಡರ್ ಅಳಿಸಿ ಅಂತ ನೆಟ್‌ನಲ್ಲಿ ಎಲ್ಲರೂ ಹೇಳುತ್ತಾರೆ. ನೀವು ಅಳಿಸಿದಿರಿ. ಆಪ್ಟ್, ಅಂದರೆ ಉಬುಂಟುವಿಗೆ ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಂ, ಮತ್ತೆ ಪ್ರಾಕ್ಸಿಯನ್ನೇ ಕೇಳಿತು, ಪ್ರಾಕ್ಸಿ ಅದೇ ಹಳೆಯ ಪಟ್ಟಿಯನ್ನು ಮತ್ತೆ ಕೈಗಿಟ್ಟಿತು. ಹೊಸದಾಗಿ ಉಬುಂಟು ಹಾಕಿದ ಸಿಸ್ಟಮ್‌ನದ್ದೂ ಇದೇ ಪಾಡು. ಪಾಪ, ನಿಮ್ಮ ಒಂದು ಮಧ್ಯಾಹ್ನ ಹೋಯಿತು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರರ್ ಅಲ್ಲ. ಪ್ರಾಕ್ಸಿ ಆಫ್ ಮಾಡಿ ಆನ್ ಮಾಡಿದರೆ ಒಂದೆರಡು ದಿನ ಸರಿ ಎಂಬ ಮಾತು. ಮಿರರ್ (ಉಬುಂಟು ಫೈಲ್‌ಗಳ ಪ್ರತಿ ಇಟ್ಟಿರುವ ಸರ್ವರ್) ಬದಲಿಸಿದಾಗಲೂ ಎರಡು ದಿನ ಸರಿ ಇತ್ತು ಅಂದಿರಿ. ಎರಡಕ್ಕೂ ಕಾರಣ ಒಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರಾಕ್ಸಿ ಅಂದರೆ ಪೇಟೆಯಿಂದ ಸಾಮಾನು ತಂದುಕೊಡುವ ಹುಡುಗ ಅಂದುಕೊಳ್ಳಿ. ಬೀದಿಯ 38 ಮನೆಯವರೂ ಅವನಿಗೇ ಹೇಳುತ್ತಾರೆ. ಒಬ್ಬರು ಸಕ್ಕರೆ ಕೇಳಿದಾಗ ನಿನ್ನೆ ತಂದದ್ದು ಉಳಿದಿದ್ದರೆ ಅದನ್ನೇ ಕೊಡಲಿ, ತಪ್ಪೇನಿಲ್ಲ. ಆದರೆ ಇವತ್ತಿನ ಪೇಪರ್ ಕೇಳಿದವರಿಗೆ ಮನೆಯಲ್ಲಿದ್ದ ಮೊನ್ನೆಯ ಪೇಪರ್ ಕೊಟ್ಟರೆ? ಆಪ್ಟ್ ಕೇಳುವ ಫೈಲ್‌ಗಳಲ್ಲಿ ಈ ಎರಡೂ ಜಾತಿ ಇವೆ. ಡೆಬ್ ಫೈಲ್, ಅಂದರೆ ಪ್ಯಾಕೇಜ್ ಇರುವ ಫೈಲ್, ಸಕ್ಕರೆ ಇದ್ದ ಹಾಗೆ. ಅದರ ಹೆಸರಿನಲ್ಲೇ ವರ್ಷನ್ ಸಂಖ್ಯೆ ಇರುತ್ತದೆ. ಒಳಗಿನದು ಬದಲಾದರೆ ಹೆಸರೂ ಬದಲಾಗುತ್ತದೆ. ಮೂರು ತಿಂಗಳು ಇಟ್ಟುಕೊಂಡರೂ ಕೆಡುವುದಿಲ್ಲ. ಇನ್‌ರಿಲೀಸ್ ಎಂಬ ಫೈಲ್ ಮಾತ್ರ ದಿನಪತ್ರಿಕೆ. ಹೆಸರು ಯಾವತ್ತೂ ಅದೇ, ಒಳಗಿನದು ದಿನಕ್ಕೆ ಹಲವು ಸಲ ಬದಲಾಗಬಹುದು.

ಆಪ್ಟ್ ಮೊದಲು ತರುವುದು ಈ ಇನ್‌ರಿಲೀಸ್ ಅನ್ನೇ. ಪ್ಯಾಕೇಜ್ ಪಟ್ಟಿಗಳ ಗಾತ್ರ, ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಎಲ್ಲ ಅದರಲ್ಲಿರುತ್ತವೆ, ಜೊತೆಗೆ ಉಬುಂಟುವಿನ ಡಿಜಿಟಲ್ ಸಹಿ. ಆಮೇಲೆ ಪ್ಯಾಕೇಜಸ್ ಎಂಬ ದೊಡ್ಡ ಪಟ್ಟಿಯನ್ನು ತಂದು, ಹ್ಯಾಶ್ ತಾಳೆ ನೋಡುತ್ತದೆ. ಅಪ್‌ಗ್ರೇಡ್ ಹೊತ್ತಿಗೆ ಆ ಪಟ್ಟಿಯಲ್ಲಿ ಹೇಳಿದ ಡೆಬ್ ಫೈಲ್‌ಗಳನ್ನು ತರುತ್ತದೆ. ಇಷ್ಟೂ ನಡೆಯುವುದು ಸಾಮಾನ್ಯವಾಗಿ ಬರೀ ಎಚ್‌ಟಿಟಿಪಿಯಲ್ಲಿ. ಭದ್ರತೆಯ ಭಾರ ಸಹಿಯ ಮೇಲಿದೆ. ಹಾಗಾಗಿಯೇ ನಡುವಿನ ಪ್ರಾಕ್ಸಿ ಫೈಲ್ ಇಟ್ಟುಕೊಂಡು ಎಲ್ಲರಿಗೂ ಹಂಚಲು ಸಾಧ್ಯ.

ಈಗ ನಿಮ್ಮ 404. ಅಪ್‌ಡೇಟ್ ತಕರಾರಿಲ್ಲದೆ ಮುಗಿಯಿತು ಅಂದರೆ ಹೊಸ ಪಟ್ಟಿ ಬಂದಿದೆ ಎಂದೇನೂ ಅಲ್ಲ. ಹಳೆಯ ಇನ್‌ರಿಲೀಸ್‌ಗೂ ಸಹಿ ಸರಿಯಾಗಿಯೇ ಇರುತ್ತದೆ. ಆಪ್ಟ್ ನಂಬುತ್ತದೆ. ಅದು ಹೇಳಿದ ಹಳೆಯ ಡೆಬ್ ಫೈಲ್ ಕೇಳಿದರೆ ಮಿರರ್‌ನಲ್ಲಿ ಅದು ಇರುವುದಿಲ್ಲ. ಅಪ್‌ಡೇಟ್ಸ್, ಸೆಕ್ಯುರಿಟಿ ವಿಭಾಗಗಳಲ್ಲಿ ಹೊಸ ವರ್ಷನ್ ಬಂದ ಮೇಲೆ ಹಳೆಯದನ್ನು ಸ್ವಲ್ಪ ಕಾಲದಲ್ಲಿ ತೆಗೆದುಬಿಡುತ್ತಾರೆ. ಉತ್ತರ: 404. ಮೊನ್ನೆಯ ಪೇಪರಿನ ಜಾಹೀರಾತು ನೋಡಿಕೊಂಡು ಇವತ್ತು ಅಂಗಡಿಗೆ ಹೋದ ಹಾಗೆ.

ಇದನ್ನು ಕಣ್ಣಾರೆ ನೋಡಬಹುದು. ಒಂದು ಸಿಸ್ಟಮ್‌ನಲ್ಲಿ ವರ್ ಫೋಲ್ಡರ್, ಅದರೊಳಗೆ ಲಿಬ್, ಆಪ್ಟ್, ಲಿಸ್ಟ್ಸ್ ಹೀಗೆ ಒಳಗೆ ಹೋಗಿ. ಹೆಸರಿನ ಕೊನೆಯಲ್ಲಿ ಇನ್‌ರಿಲೀಸ್ ಎಂದಿರುವ ಫೈಲ್‌ಗಳು ಸಿಗುತ್ತವೆ. 'ಜ್ಯಾಮಿ-ಸೆಕ್ಯುರಿಟಿ' ಎಂದಿರುವುದನ್ನು ತೆರೆಯಿರಿ (ಜ್ಯಾಮಿ ಎಂದರೆ 22.04ರ ಅಡ್ಡಹೆಸರು). ಮೊದಲ ಕೆಲವು ಸಾಲುಗಳಲ್ಲೇ 'ಡೇಟ್' ಎಂದಿರುತ್ತದೆ, ಸಮಯ ಯುಟಿಸಿಯಲ್ಲಿ. ಅದನ್ನು ಬರೆದಿಟ್ಟುಕೊಳ್ಳಿ. ಇನ್ನೊಂದು ಸಿಸ್ಟಮ್‌ಗೆ ಹಾಟ್‌ಸ್ಪಾಟ್ ಕೊಟ್ಟು ಅಪ್‌ಡೇಟ್ ಮಾಡಿ ಅದೇ ಸಾಲು ನೋಡಿ. ನಿಮ್ಮ ಲ್ಯಾಬಿನದು ನಾಲ್ಕೈದು ದಿನ ಹಿಂದೆ ಇದ್ದರೆ ಕಳ್ಳ ಸಿಕ್ಕ ಹಾಗೆ. ಒಂದು ಎಚ್ಚರಿಕೆ: ಬರೀ 'ಜ್ಯಾಮಿ' ಎಂದಿರುವ ಫೈಲ್ ನೋಡಿ ಗಾಬರಿಯಾಗಬೇಡಿ. ಅದರ ತಾರೀಕು 2022ರ ಏಪ್ರಿಲ್ ಇರುತ್ತದೆ, ಯಾವಾಗಲೂ ಅದೇ ಇರುತ್ತದೆ. ಬಿಡುಗಡೆಯ ದಿನದ ಮೇಲೆ ಅದನ್ನು ಮುಟ್ಟುವುದಿಲ್ಲ.

ಹಾಟ್‌ಸ್ಪಾಟ್ ಪರೀಕ್ಷೆಯಲ್ಲಿ ಒಂದು ಕೊರತೆ ಇದೆ. ಅದು ಪ್ರಾಕ್ಸಿಯನ್ನೂ ಬದಲಿಸುತ್ತದೆ, ಲೈನನ್ನೂ ಬದಲಿಸುತ್ತದೆ. ತಪ್ಪು ಯಾರದ್ದು ಅಂತ ಹೇಗೆ ಹೇಳುವುದು? ಅದಕ್ಕೆ ಪ್ರಾಕ್ಸಿ ಇರುವ ಸಿಸ್ಟಮ್‌ನಲ್ಲೇ ಕೂತು, ಪ್ರಾಕ್ಸಿ ಸೆಟ್ಟಿಂಗ್ ಇಲ್ಲದೆ, ನೇರವಾಗಿ ಆಪ್ಟ್ ಅಪ್‌ಡೇಟ್ ಕೊಡಿ. ಅಲ್ಲಿ ತಾರೀಕು ಹೊಸದಾಗಿದ್ದರೆ ಲೈನ್ ನಿರಪರಾಧಿ, ತಪ್ಪು ಸ್ಕ್ವಿಡ್‌ನದ್ದೇ. ಅಲ್ಲೂ ಹಳೆಯದಾದರೆ ನಿಮ್ಮ ಮೇಲೆ ಇನ್ನೊಂದು ಪ್ರಾಕ್ಸಿ ಕೂತಿದೆ ಎಂದರ್ಥ.

ಆಮೇಲೆ ಸ್ಕ್ವಿಡ್‌ನ ಆ್ಯಕ್ಸೆಸ್ ಲಾಗ್ ತೆರೆಯಿರಿ. ಇದನ್ನು ಓದುವ ಅಭ್ಯಾಸ ಇರುವವರು ತುಂಬ ಕಡಿಮೆ, ಅದೇ ಬೇಜಾರು. ಒಂದು ಸಾಲಿನಲ್ಲಿ ಮೊದಲು ಉದ್ದನೆಯ ಸಂಖ್ಯೆ, ಅದು 1970ರಿಂದ ಎಣಿಸಿದ ಸೆಕೆಂಡು. ಆಮೇಲೆ ಎಷ್ಟು ಮಿಲಿಸೆಕೆಂಡು ಹಿಡಿಯಿತು, ಯಾವ ಸಿಸ್ಟಮ್ ಕೇಳಿತು, ಏನಾಯಿತು, ಎಷ್ಟು ಬೈಟ್, ಯಾವ ವಿಳಾಸ. ನಿಮಗೆ ಬೇಕಾದ್ದು 'ಏನಾಯಿತು' ಎಂಬ ಕಾಲಮ್. ಇನ್‌ರಿಲೀಸ್ ವಿಳಾಸದ ಸಾಲಿನಲ್ಲಿ 'ಟಿಸಿಪಿ ಮೆಮ್ ಹಿಟ್' ಎಂದಿದ್ದು, ಸಾಲಿನ ಕೊನೆಯ ಹತ್ತಿರ 'ಹೈಯರ್ ನನ್' ಎಂದಿದ್ದರೆ, ಸ್ಕ್ವಿಡ್ ಹೊರಗೆ ಯಾರನ್ನೂ ಕೇಳಲೇ ಇಲ್ಲ, ತನ್ನ ಮೆಮೊರಿಯಿಂದ ಎತ್ತಿ ಕೊಟ್ಟಿದೆ. ಸರಿಯಾಗಿದ್ದರೆ ಅಲ್ಲಿ 'ಟಿಸಿಪಿ ರಿಫ್ರೆಶ್' ಎಂದು ಶುರುವಾಗುವ ಪದ ಇರಬೇಕು: ಹೋಗಿ ವಿಚಾರಿಸಿಕೊಂಡು ಬಂದೆ ಎಂದರ್ಥ. ಲಾಗ್ ಬೇಡ ಅನ್ನಿಸಿದರೆ ಕರ್ಲ್‌ನಲ್ಲಿ ಪ್ರಾಕ್ಸಿ ಮೂಲಕ ಅದೇ ಫೈಲಿನ ಹೆಡರ್ (ಫೈಲ್ ಜೊತೆ ಬರುವ ವಿವರ) ತರಿಸಿ. 'ಏಜ್' ಎಂಬ ಸಾಲಿನಲ್ಲಿ ಆ ಪ್ರತಿ ಎಷ್ಟು ಸೆಕೆಂಡು ಹಳೆಯದು ಎಂದಿರುತ್ತದೆ. 187200 ಎಂದಿದ್ದರೆ 52 ಗಂಟೆ. 'ವಯಾ' ಸಾಲಿನಲ್ಲಿ ನಿಮ್ಮ ಸ್ಕ್ವಿಡ್ ಜೊತೆ ಇನ್ನೊಂದು ಪ್ರಾಕ್ಸಿಯ ಹೆಸರೂ ಇದ್ದರೆ ಆ ಮೇಲಿನವರ ಬಗ್ಗೆಯೂ ಯೋಚಿಸಿ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಪ್ರಾಕ್ಸಿ ಹಳೆಯ ಪಟ್ಟಿ ಕೊಟ್ಟೀತು ಎಂದು ಆಪ್ಟ್ ಬರೆದವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಟ್ಟಿಗಳನ್ನು ಕೇಳುವಾಗ ಆಪ್ಟ್ ತಾನಾಗಿಯೇ 'ಮ್ಯಾಕ್ಸ್-ಏಜ್ ಸೊನ್ನೆ' ಎಂದು ಸೇರಿಸಿ ಕೇಳುತ್ತದೆ. ಅಂದರೆ, ನಿನ್ನ ಹತ್ತಿರ ಇದ್ದರೂ ಒಮ್ಮೆ ವಿಚಾರಿಸಿಯೇ ಕೊಡು ಅಂತ. ಸಾಮಾನ್ಯ ಸ್ಕ್ವಿಡ್ ಈ ಮಾತು ಕೇಳುತ್ತದೆ. ನಿಮ್ಮದು ಕೇಳುವುದಿಲ್ಲ, ಯಾಕೆಂದರೆ ನೀವೇ ಅದರ ಕಿವಿಗೆ ಹತ್ತಿ ಇಟ್ಟಿದ್ದೀರಿ. ಆ ಇಗ್ನೋರ್-ರಿಲೋಡ್ ಎಂಬುದೇ ಹತ್ತಿ. ಕೇಳುವವರು ಹೊಸದೇ ಬೇಕು ಅಂದರೂ ಲೆಕ್ಕಿಸಬೇಡ ಎಂದು ಅದರ ಅರ್ಥ. ಆಪ್ಟ್‌ಗೆ ನೋ-ಕ್ಯಾಶ್ ಆಯ್ಕೆ ಕೊಟ್ಟು ನೋಡಿ ಅಂತ ಯಾರಾದರೂ ಸಲಹೆ ಕೊಟ್ಟರೆ, ನಿಮ್ಮಲ್ಲಿ ಅದೂ ಸುಮ್ನೆ.

ಆ ಸಾಲಿನ ಉಳಿದದ್ದನ್ನೂ ಓದೋಣ. ಚುಕ್ಕಿ ಎಂದರೆ ಯಾವ ವಿಳಾಸವಾದರೂ ಸರಿ. 10080 ನಿಮಿಷ ಅಂದರೆ ಏಳು ದಿನ. ಓವರ್‌ರೈಡ್-ಎಕ್ಸ್‌ಪೈರ್ ಅಂದರೆ ಸರ್ವರ್ ಅವಧಿ ಹೇಳಿದ್ದರೂ ಬಿಡು, ಏಳು ದಿನ ಇಟ್ಟುಕೋ ಅಂತ. ಸ್ಕ್ವಿಡ್ ಈ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಕೊನೆ. ನಿಮ್ಮಲ್ಲಿ ಚುಕ್ಕಿಯ ಸಾಲೇ ಮೊದಲು ಕೂತಿದೆ. ಕೆಳಗೆ ಎಷ್ಟು ಒಳ್ಳೆಯ ಸಾಲು ಬರೆದರೂ ಅದರ ಸರದಿ ಬರುವುದೇ ಇಲ್ಲ. 'ಹಿಟ್ ಜಾಸ್ತಿ' ಬರುವುದೇನೋ ನಿಜ. ಎಲ್ಲರಿಗೂ ಹಳಸಿದ್ದನ್ನೇ ಬಡಿಸಿದರೆ ಅಡಿಗೆ ಖರ್ಚು ಉಳಿಯದೆ ಇರುತ್ತದೆಯೇ?

ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವ ವಿಷಯಕ್ಕೆ ಬರುತ್ತೇನೆ. ಸ್ಕ್ವಿಡ್ ಹಾಕಿದ ತಕ್ಷಣ ಡಿಸ್ಕ್‌ನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಕ್ಯಾಶ್ (ತಂದು ಇಟ್ಟುಕೊಂಡ ಪ್ರತಿಗಳು) ಡಿಸ್ಕ್‌ನಲ್ಲಿ ಎಲ್ಲಿರಬೇಕೆಂದು ಹೇಳುವ ಕ್ಯಾಶ್ ಡಿರ್ ಎಂಬ ಸಾಲನ್ನು ನಾವೇ ಬಿಚ್ಚಬೇಕು, ಅಂದರೆ ಅದರ ಮುಂದಿನ # ತೆಗೆಯಬೇಕು. ಅದಿಲ್ಲದಿದ್ದರೆ ಬರೀ ಮೆಮೊರಿ: ಒಟ್ಟು 256 ಎಂಬಿ, ಒಂದೊಂದು ಫೈಲ್ 512 ಕೆಬಿ ದಾಟುವಂತಿಲ್ಲ. ನಿಮ್ಮದು ಹೀಗೇ ಇರಬೇಕು, ರೀಸ್ಟಾರ್ಟ್ ಆದಾಗ ಮೆಮೊರಿ ಖಾಲಿಯಾಗಿ ಹೊಸ ಪಟ್ಟಿ ಬರುತ್ತದೆ. ಮಿರರ್ ಬದಲಿಸಿದಾಗ ವಿಳಾಸವೇ ಹೊಸದು, ಹಾಗಾಗಿ ಮೊದಲ ಸಲ ಹೊಸದು ಬರುತ್ತದೆ. ಆಮೇಲೆ ಅದೂ ಏಳು ದಿನ ಗಟ್ಟಿ.

ಇದರಿಂದ ಇನ್ನೂ ಎರಡು ಗಂಟು ಬಿಚ್ಚಿಕೊಳ್ಳುತ್ತವೆ. ಸೆಕ್ಯುರಿಟಿ ವಿಭಾಗದ ಇನ್‌ರಿಲೀಸ್ ಸುಮಾರು 130 ಕೆಬಿ. ಮೆಮೊರಿಯಲ್ಲಿ ಆರಾಮಾಗಿ ಕೂರುತ್ತದೆ. ಡೆಬ್ ಫೈಲ್‌ಗಳಲ್ಲಿ ಚಿಕ್ಕವು ಕೂರುತ್ತವೆ. ಯಾವುದೋ ಸಿಸ್ಟಮ್ ಮೊದಲೇ ತಂದಿದ್ದರೆ, ಮಿರರ್‌ನಲ್ಲಿ ಇಲ್ಲದಿದ್ದರೂ ಸ್ಕ್ವಿಡ್ ಕೊಡುತ್ತದೆ. ದೊಡ್ಡವು ಕೂರುವುದಿಲ್ಲ, ಪ್ರತಿ ಸಲ ಮಿರರ್‌ಗೇ ಹೋಗಬೇಕು, ಅಲ್ಲಿ 404. ಅಂದರೆ ನಿಮ್ಮ ಪ್ರಾಕ್ಸಿ ಹಳೆಯದನ್ನು ಇಟ್ಟುಕೊಂಡಿದೆ, ಇಟ್ಟುಕೊಳ್ಳಬೇಕಾದ್ದನ್ನು ಬಿಟ್ಟಿದೆ. ಪತ್ರಿಕೆ ಜೋಪಾನ, ಸಕ್ಕರೆ ಬೀದಿಪಾಲು.

ಹ್ಯಾಶ್ ಸಮ್ ತಕರಾರು ಹೊರಗಿನ ರೆಪೊದಲ್ಲಿ ಮಾತ್ರ ಯಾಕೆ? ಉಬುಂಟು 2016ರ 16.04ರ ಕಾಲದಿಂದ 'ಬೈ-ಹ್ಯಾಶ್' ಎಂಬ ವ್ಯವಸ್ಥೆ ಮಾಡಿಕೊಂಡಿದೆ. ಆಪ್ಟ್ ಪ್ಯಾಕೇಜಸ್ ಫೈಲನ್ನು ಅದರ ಹ್ಯಾಶ್ ಹೆಸರಿನಲ್ಲೇ ಕೇಳುತ್ತದೆ. ಹಾಗಾಗಿ ಹಳೆಯ ಇನ್‌ರಿಲೀಸ್‌ಗೆ ಹಳೆಯ ಪಟ್ಟಿಯೇ ಸಿಗುತ್ತದೆ, ಜಗಳ ಇಲ್ಲ. ಹೊರಗಿನ ಎಷ್ಟೋ ರೆಪೊಗಳಲ್ಲಿ ಈ ಏರ್ಪಾಡು ಇರುವುದಿಲ್ಲ. ನಿಮ್ಮಲ್ಲಿ ಚಿಕ್ಕ ಇನ್‌ರಿಲೀಸ್ ಮೆಮೊರಿಯಿಂದ ಹಳೆಯದು ಬಂತು, 512 ಕೆಬಿ ದಾಟಿದ ಪ್ಯಾಕೇಜಸ್ ಹೊರಗಿನಿಂದ ಹೊಸದು ಬಂತು. ಎರಡಕ್ಕೂ ತಾಳೆಯಾಗಲಿಲ್ಲ. ಎರರ್ ಬಂದಾಗ ಆಪ್ಟ್ ಕೆಳಗೆ ಉದ್ದಕ್ಕೆ ಏನೇನೋ ಬರೆಯುತ್ತದೆ ನೋಡಿ, ಅದನ್ನು ಓದದೆ ಬಿಡಬೇಡಿ. ನಿರೀಕ್ಷಿಸಿದ ಗಾತ್ರ, ಸಿಕ್ಕಿದ ಗಾತ್ರ, ಸಿಕ್ಕಿದ ಫೈಲ್ ಕೊನೆಗೆ ಬದಲಾದ ಸಮಯ, ರಿಲೀಸ್ ಫೈಲ್ ಹುಟ್ಟಿದ ಸಮಯ, ಎಲ್ಲ ಅಲ್ಲೇ ಇರುತ್ತವೆ. ರಿಲೀಸ್ ಫೈಲಿಗಿಂತ ಪಟ್ಟಿ ಹೊಸದಾಗಿದ್ದರೆ ನಾನು ಹೇಳಿದ ಕಥೆಯೇ. ಗಾತ್ರ ಸರಿಯಿದ್ದು ಹ್ಯಾಶ್ ಮಾತ್ರ ಬೇರೆಯಾಗಿದ್ದರೆ ಡಿಸ್ಕ್ ಅಥವಾ ರ‍್ಯಾಮ್ ಕೆಟ್ಟಿರಬಹುದು, ಕರೆಂಟ್ ಹೋಗಿ ಕ್ಯಾಶ್ ಹಾಳಾಗಿರಬಹುದು. ಸಿಕ್ಕಿದ ಗಾತ್ರ ಎರಡು ಮೂರು ಕೆಬಿ ಮಾತ್ರ ಇದ್ದರೆ ಅದು ಪಟ್ಟಿಯೇ ಅಲ್ಲ, ಯಾವುದೋ ಲಾಗಿನ್ ಪೇಜ್.

ಈ ಲಾಗಿನ್ ಪೇಜ್ ನನ್ನನ್ನೂ ಒಮ್ಮೆ ಆಟ ಆಡಿಸಿದೆ. ಒಂದು ಕಡೆ ಅಪ್‌ಡೇಟ್ ಮಾಡಿದಾಗ 'ಕ್ಲಿಯರ್‌ಸೈನ್ಡ್ ಫೈಲ್ ಸರಿಯಿಲ್ಲ, ನೋಸ್ಪ್ಲಿಟ್' ಎಂಬ ಎರರ್ ಬಂತು. ಸಹಿಯ ಕೀ ಹಾಳಾಗಿದೆ ಅಂದುಕೊಂಡು ಅರ್ಧ ದಿನ ಕೀಗಳ ಹಿಂದೆ ಬಿದ್ದೆ. ಅದೇ ಎರರಿನ ಕೊನೆಗೆ ಬ್ರಾಕೆಟ್‌ನಲ್ಲಿ, ನಿಮ್ಮ ನೆಟ್‌ವರ್ಕ್‌ಗೆ ಲಾಗಿನ್ ಬೇಕೇ ಎಂದು ಆಪ್ಟ್ ಪಾಪ ಕೇಳಿತ್ತು. ನಾನು ಅಷ್ಟು ದೂರ ಓದಿರಲಿಲ್ಲ. ಬೆಳಿಗ್ಗೆ ಲಾಗಿನ್ ಅವಧಿ ಮುಗಿದಿತ್ತು, ಇನ್‌ರಿಲೀಸ್ ಬದಲು ಲಾಗಿನ್ ಪುಟ ಬಂದಿತ್ತು.

ಸರಿ, ರಿಪೇರಿ. ಈ ಲೇಖನದಲ್ಲಿ ಸೆಟ್ಟಿಂಗ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇರುತ್ತವೆ. ಸ್ಕ್ವಿಡ್ ಕಾನ್ಫ್‌ನ ಒಂದು ಪ್ರತಿ ತೆಗೆದಿಟ್ಟು, ಆ ಮೊದಲ ಚುಕ್ಕಿ ಸಾಲನ್ನು ತೆಗೆದುಹಾಕಿ. ಉಬುಂಟು ಜೊತೆ ಬರುವ ಮೂಲ ಕಾನ್ಫ್‌ನಲ್ಲಿ ಇನ್‌ರಿಲೀಸ್, ರಿಲೀಸ್, ಪ್ಯಾಕೇಜಸ್ ಫೈಲ್‌ಗಳಿಗೆ ಬೇರೆ ಬೇರೆ ರಿಫ್ರೆಶ್ ಪ್ಯಾಟರ್ನ್ ಸಾಲುಗಳು ಸಿದ್ಧ ಇರುತ್ತವೆ: 0, 0%, 0, ಕೊನೆಗೆ ರಿಫ್ರೆಶ್-ಐಎಮ್ಎಸ್. ಪ್ರತಿ ಸಲ ವಿಚಾರಿಸಿಯೇ ಕೊಡು ಎಂದರ್ಥ. ಅವನ್ನು ಹಾಗೇ ತಂದು ಮೇಲಿಡಿ. ಅವುಗಳ ಕೆಳಗೆ ಡೆಬ್ ಎಂದು ಮುಗಿಯುವ ಫೈಲ್‌ಗಳಿಗೆ ಒಂದು ಸಾಲು: 129600, 100%, 129600. ಅಂದರೆ 90 ದಿನ. ಚುಕ್ಕಿಯ ಸಾಲು ಎಲ್ಲಕ್ಕಿಂತ ಕೊನೆಗೆ, ಅದರ ಮೂಲ ಬೆಲೆಗಳಾದ 0, 20%, 4320 ಜೊತೆಗೆ. 20% ಅಂದರೆ ಏನು ಅಂತ ತುಂಬ ಜನ ಕೇಳುತ್ತಾರೆ. ಸರ್ವರ್ ಅವಧಿ ಹೇಳದ ಫೈಲ್ ಒಂದು ಹತ್ತು ದಿನದ ಹಿಂದೆ ಬದಲಾಗಿದ್ದರೆ, ಇನ್ನೆರಡು ದಿನ ಬದಲಾಗಲಿಕ್ಕಿಲ್ಲ ಎಂದು ಸ್ಕ್ವಿಡ್ ಅಂದಾಜು ಮಾಡುತ್ತದೆ. ಎಷ್ಟೇ ಆದರೂ 4320 ನಿಮಿಷ, ಮೂರು ದಿನ, ಅದಕ್ಕಿಂತ ಜಾಸ್ತಿ ಇಲ್ಲ.

ಇನ್ನು ಸಕ್ಕರೆಗೆ ಡಬ್ಬ ಬೇಕಲ್ವಾ? ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್ ಮೂಲದಲ್ಲಿ ಬರೀ 4 ಎಂಬಿ. ಇದನ್ನು 1 ಜಿಬಿಗೆ ಏರಿಸಿ. ಈ ಸಾಲು ಕ್ಯಾಶ್ ಡಿರ್ ಸಾಲಿಗಿಂತ ಮೇಲೇ ಇರಬೇಕು, ಕೆಳಗಿದ್ದರೆ ಆ ಡಿಸ್ಕ್ ಕ್ಯಾಶ್‌ಗೆ ತಗಲುವುದಿಲ್ಲ. ಇದರಲ್ಲಿ ಎಡವಿದವರನ್ನು ತುಂಬ ನೋಡಿದ್ದೇನೆ. ಆಮೇಲೆ ಕ್ಯಾಶ್ ಡಿರ್ ಸಾಲನ್ನು ಬಿಚ್ಚಿ. ಅದರಲ್ಲಿ 100 ಎಂದಿರುತ್ತದೆ, ಅದು 100 ಎಂಬಿ. ಡಿಸ್ಕ್‌ನಲ್ಲಿ ಜಾಗ ಇದ್ದರೆ 20000 ಮಾಡಿ. 22.04ರ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಒಂದೇ 200 ಎಂಬಿ ದಾಟುತ್ತದೆ. 38 ಸಿಸ್ಟಮ್‌ಗೆ ಬಿಡಿಬಿಡಿಯಾಗಿ ತಂದರೆ ಏಳೂವರೆ ಜಿಬಿ. ಲೈನ್ ನಿಧಾನ ಅಂತ ಪ್ರಾಕ್ಸಿ ಹಾಕಿ, ಇಷ್ಟು ದಿನ ಇದನ್ನು 38 ಸಲ ಎಳೆದಿದ್ದೀರಿ.

ಸ್ಕ್ವಿಡ್ ನಿಲ್ಲಿಸಿ, 'ಸ್ಕ್ವಿಡ್ ಮೈನಸ್ ಕೆ ಪಾರ್ಸ್' ಕೊಟ್ಟು ಕಾನ್ಫ್‌ನಲ್ಲಿ ತಪ್ಪಿಲ್ಲ ಎಂದು ನೋಡಿಕೊಳ್ಳಿ. 'ಸ್ಕ್ವಿಡ್ ಮೈನಸ್ ಝಡ್' ಕೊಟ್ಟರೆ ಡಿಸ್ಕ್‌ನಲ್ಲಿ ಫೋಲ್ಡರ್‌ಗಳು ತಯಾರಾಗುತ್ತವೆ. ಮತ್ತೆ ಶುರು ಮಾಡಿ. ಹಳೆಯ ಇನ್‌ರಿಲೀಸ್ ಮೆಮೊರಿಯ ಜೊತೆಗೇ ಹೋಗಿರುತ್ತದೆ. ಮುಂದೆ ಯಾವತ್ತಾದರೂ ಒಂದು ಡೆಬ್ ಫೈಲೇ ಕೆಟ್ಟು ಕೂತರೆ ಬರೀ ರೀಸ್ಟಾರ್ಟ್ ಸಾಲದು, ಯಾಕೆಂದರೆ ಈಗ ಅದು ಡಿಸ್ಕ್‌ನಲ್ಲಿ 90 ದಿನ ಇರುತ್ತದೆ. ಆಗ ಸ್ಕ್ವಿಡ್ ನಿಲ್ಲಿಸಿ, ಕ್ಯಾಶ್ ಡಿರ್ ಸಾಲಿನಲ್ಲಿ ಹೇಳಿದ ಸ್ಪೂಲ್ ಫೋಲ್ಡರ್ ಖಾಲಿ ಮಾಡಿ ಮತ್ತೆ ಮೈನಸ್ ಝಡ್.

ಪ್ರಾಕ್ಸಿ ಇರುವುದು ಅಪ್‌ಡೇಟ್‌ಗೆ ಮಾತ್ರ ಅಂದರೆ ನಾನು ಸ್ಕ್ವಿಡ್ ಬಿಟ್ಟು ಆಪ್ಟ್-ಕ್ಯಾಶರ್-ಎನ್‌ಜಿ ಹಾಕುತ್ತೇನೆ. ಪೋರ್ಟ್ 3142. ಯಾವುದು ಪತ್ರಿಕೆ, ಯಾವುದು ಸಕ್ಕರೆ ಎಂದು ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಆದರೆ ಹುಡುಗರ ಬ್ರೌಸಿಂಗ್ ಕೂಡ ಅದರ ಮೂಲಕವೇ ಹೋಗಬೇಕಾದರೆ ಸ್ಕ್ವಿಡ್ ಇರಲಿ.

ಮಿರರ್‌ಗಳನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿದರೆ ಸಮಸ್ಯೆ ಮಾಯ ಅಂತ ಯಾರಾದರೂ ಹೇಳಿಯಾರು. ನಿಜ, ಸ್ಕ್ವಿಡ್ ಒಳಗಿನದನ್ನು ನೋಡಲಾರದು, ಬರೀ ಸುರಂಗ ತೆರೆದು ಬಿಡುತ್ತದೆ. ಲಾಗ್‌ನಲ್ಲಿ 'ಟಿಸಿಪಿ ಟನಲ್' ಎಂದು ಬರುತ್ತದೆ. ಆದರೆ ಆಗ 38 ಸಲ ಡೌನ್‌ಲೋಡ್ ಖಾಯಂ. 2019ರ ಜನವರಿಯಲ್ಲಿ ಆಪ್ಟ್ ರೀಡೈರೆಕ್ಟ್ ಮಾಡುವ ರೀತಿಯಲ್ಲೇ ಒಂದು ಗಂಭೀರ ದೋಷ ಸಿಕ್ಕಿ, ಎಚ್‌ಟಿಟಿಪಿ ಸಾಕೇ ಎಂದು ದೊಡ್ಡ ಚರ್ಚೆ ಆಗಿತ್ತು. ದೋಷ ಆಗಲೇ ಸರಿಯಾಯಿತು. ನಿಧಾನದ ಲೈನ್ ಇರುವ ಲ್ಯಾಬ್‌ಗೆ ಸಹಿ ಇರುವ ಎಚ್‌ಟಿಟಿಪಿಯೇ ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಎರಡು ವಿಷಯಕ್ಕೆ ಪ್ರಾಕ್ಸಿಯನ್ನು ಬೈಯಬೇಡಿ. ಫೈರ್‌ಫಾಕ್ಸ್ 22.04ರಲ್ಲಿ ಸ್ನ್ಯಾಪ್ ಆಗಿ ಬರುತ್ತದೆ. ಸ್ನ್ಯಾಪ್ ಆಪ್ಟ್‌ನ ಪ್ರಾಕ್ಸಿ ಸೆಟ್ಟಿಂಗ್ ನೋಡುವುದಿಲ್ಲ, ಅದಕ್ಕೆ 'ಸ್ನ್ಯಾಪ್ ಸೆಟ್ ಸಿಸ್ಟಮ್' ಮೂಲಕ ಬೇರೆ ಹೇಳಬೇಕು. ಅದು ಎಚ್‌ಟಿಟಿಪಿಎಸ್, ಸ್ಕ್ವಿಡ್‌ನಲ್ಲಿ ಉಳಿಯುವುದೂ ಇಲ್ಲ. ಇನ್ನೊಂದು, ಕೆಲವು ಪ್ಯಾಕೇಜ್ ಒಂದು ಸಿಸ್ಟಮ್‌ನಲ್ಲಿ ಅಪ್‌ಗ್ರೇಡ್ ಆಗಿ ಪಕ್ಕದ್ದರಲ್ಲಿ 'ಕೆಪ್ಟ್ ಬ್ಯಾಕ್' ಎಂದು ನಿಂತರೆ ಅದು ಉಬುಂಟು ಬೇಕೆಂದೇ ಹಂತ ಹಂತವಾಗಿ ಬಿಡುವ ರೀತಿ. ಕೆಲವು ದಿನ ಕಾದರೆ ತಾನಾಗಿ ಬರುತ್ತದೆ.

ನಾಳೆ ಮೊದಲು ಒಂದೇ ಸಿಸ್ಟಮ್‌ನಲ್ಲಿ ಅಪ್‌ಡೇಟ್ ಮಾಡಿ, ಜ್ಯಾಮಿ-ಸೆಕ್ಯುರಿಟಿಯ ಡೇಟ್ ನೋಡಿ. ಆಮೇಲೆ ಅಪ್‌ಗ್ರೇಡ್ ಕೊಟ್ಟು ಮುಗಿಯುವವರೆಗೆ ಕಾಯಿರಿ. ಎರಡನೆಯ ಸಿಸ್ಟಮ್‌ಗೆ ಅದೇ ಮಾಡುವಾಗ ಲಾಗ್ ತೆರೆದಿಟ್ಟುಕೊಳ್ಳಿ. ದೊಡ್ಡ ಡೆಬ್ ಫೈಲ್‌ಗಳ ಮುಂದೆ 'ಟಿಸಿಪಿ ಹಿಟ್' ಸಾಲುಸಾಲಾಗಿ ಬಂದರೆ ಮಿಕ್ಕ 36ನ್ನು ಶುರು ಮಾಡಿ. 404 ಮತ್ತೆ ಬಂದರೆ ಆ ಹೊತ್ತಿನ ಇನ್‌ರಿಲೀಸ್‌ನ ಲಾಗ್ ಸಾಲು, 'ವಯಾ' ಹೆಡರ್ ಎರಡನ್ನೂ ಕಳಿಸಿ.